ಸೈಜು ಸಣ್ಣದಾದ ಸಂತೋಷ

ಕಾಪು
೧೮ ನವೆಂಬರ್ ೨೦೨೫

ಮುದ್ದು ಆಶ್ರಿತಾ,

ನಿನ್ನ ಪಪ್ಪನನ್ನು ಲಿವರ್ ಕಸಿಗೆ ಆಯ್ಕೆ ಮಾಡಿದ್ದಾರೆ. ನಿನ್ನೆ ಮಧ್ಯಾಹ್ನ ಮಣಿಪಾಲದಲ್ಲಿ ಡಾಕ್ಟರ್ ಪ್ರಖ್ಯಾತ್ ಅವರೇ ನಮ್ಮನ್ನು ಎದುರು ಕೂರಿಸಿಕೊಂಡು ತಿಳಿಸಿದರು. ಬೆಂಗಳೂರಿನ ಕಸಿ ತಂಡ ಬೆಳಿಗ್ಗೆ ಸಭೆ ಸೇರಿ ಒಪ್ಪಿತಂತೆ. ಫೋನಿನಲ್ಲಿ ಇಷ್ಟು ಹೇಳುವಷ್ಟರಲ್ಲಿ ನೀನು ಅಳಲು ಶುರು ಮಾಡಿದೆ, ನಾನೂ ಅತ್ತುಬಿಟ್ಟೆ. ಉಳಿದದ್ದನ್ನು ಬರೆದು, ಕಾರ್ಕಳಕ್ಕೆ ಬರುವ ಆಲಿಸ್ ಟೀಚರ ಕೈಯಲ್ಲಿ ಕಳಿಸುತ್ತಿದ್ದೇನೆ. ಕುಳಿತು ಓದು.

ಲಿವರ್ ಕ್ಯಾನ್ಸರ್ ಬಂದವರಿಗೆಲ್ಲ ಕಸಿ ಮಾಡುವುದಿಲ್ಲ. ಗಡ್ಡೆ ಒಂದೇ ಇದ್ದರೆ ಐದು ಸೆಂಟಿಮೀಟರ್ ದಾಟಿರಬಾರದು, ರಕ್ತನಾಳದೊಳಗೆ ಇಳಿದಿರಬಾರದು, ಬೇರೆಡೆ ಹರಡಿರಬಾರದು. ಇಲ್ಲದಿದ್ದರೆ ಹೊಸ ಲಿವರಿಗೂ ರೋಗ ಮರಳುವ ಭಯ. ಮೇ ತಿಂಗಳಲ್ಲಿ ಪಪ್ಪನದು ಆ ಗೆರೆ ದಾಟಿತ್ತು. ಆಗ ತೊಡೆಯ ರಕ್ತನಾಳದಿಂದ ಗಡ್ಡೆಗೇ ಔಷಧಿ ಬಿಟ್ಟರಲ್ಲ, ಅದು ಕುಗ್ಗಿಸುವುದಕ್ಕೆ. ಕುಗ್ಗಿದ ಮೇಲೂ ಮತ್ತೆ ಬೆಳೆಯುವುದಿಲ್ಲ ಎಂದು ಖಾತ್ರಿಯಾಗುವವರೆಗೆ ಕಾಯಿಸಿದರು.

ನಿನ್ನೆ ಡಾಕ್ಟರ್ ಸ್ಕ್ಯಾನ್ ನೋಡಿ, "ಗುಣಪಾಲಣ್ಣ, ಸೈಜು ತುಂಬ ಕಡಿಮೆ ಉಂಟು" ಎಂದರು. ಪಪ್ಪನ ಮುಖ ಬಾಡಿಹೋಯಿತು. ಮಲ್ಪೆ ಬಂದರಿನಲ್ಲಿ ಆಯುಷ್ಯವಿಡೀ ಎಕ್ಸ್‌ಪೋರ್ಟಿಗೆ ಸಿಗಡಿ ಆರಿಸಿದವರಲ್ವಾ? ಸಣ್ಣದನ್ನು ಪಕ್ಕಕ್ಕೆ ದೂಡಿಯೇ ಅಭ್ಯಾಸ. "ಹಾಗಾದರೆ ರಿಜೆಕ್ಟಾ ಡಾಕ್ಟ್ರೇ?" ಎಂದು ಕೇಳಿದರು. ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ನಾನು ಸಿಗಡಿಯ ಸಂಗತಿ ಹೇಳಿದ ಮೇಲೆ ಕನ್ನಡಕ ತೆಗೆದು ನಕ್ಕರು. "ಎಂತ ರಿಜೆಕ್ಟ್ ಮಾರಾಯ್ರೇ! ಇಲ್ಲಿ ಸಣ್ಣದೇ ಎಕ್ಸ್‌ಪೋರ್ಟ್ ಕ್ವಾಲಿಟಿ!" ಎಂದರು. ಪಪ್ಪ ನಕ್ಕದ್ದನ್ನು ನೋಡದೆ ಎಷ್ಟು ಕಾಲವಾಗಿತ್ತು!

ಬಸ್ಸಿನಲ್ಲಿ ಕಾಪು ಬರುವವರೆಗೂ ಊರಿಗೆಲ್ಲ ಫೋನು, "ನಾನು ಪಾಸ್!" ಎಂದು. ನಿನ್ನ ಕರುಣಾಕರ ಮಾವ ಬಿಡುತ್ತಾನಾ? "ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತವರು ನೀವು ಬಾವ, ಇದು ಒಂದೇ ಸಲಕ್ಕಾ?" ಎಂದನಂತೆ. ರಾತ್ರಿ ಮಟ್ಟುಗುಳ್ಳ ಬದನೆಯ ಸಾಂಬಾರು ಮಾಡಿದ್ದೆ. ಉಪ್ಪು ಕಡಿಮೆ ಎಂದು ಬೈದು ಬೈದೇ ಎರಡು ಸಲ ಬಡಿಸಿಕೊಂಡರು.

ಲಿವರಿನ ಭಾಗ ಕೊಡುವವರು ಯಾರು ಎಂದು ನೀನು ಆ ಅಳುವಿನ ನಡುವೆಯೂ ಬಿಡದೆ ಕೇಳಿದೆ. ನೀನಂತೂ ಅಲ್ಲ. ಹೊಟ್ಟೆಯಲ್ಲಿ ಮಗುವಿರುವವರನ್ನು ಅವರು ಪರೀಕ್ಷೆಗೂ ಕರೆಯುವುದಿಲ್ಲ, ಹಟ ಮಾಡಬೇಡ. ಮನೆಯವರೇ ಒಬ್ಬರು ಮುಂದೆ ಬಂದಿದ್ದಾರೆ, ರಕ್ತದ ಗುಂಪು ಹೊಂದಿದೆ, ಪರೀಕ್ಷೆಗಳು ಮುಗಿದಿವೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ಅತ್ತೆ ಹೇಳಿದ ಹಾಗೆ ಕೇಳು.

ಇಬ್ಬರಿಗೂ ನನ್ನ ಮುತ್ತು, ಒಂದು ಒಳಗಿನವರಿಗೆ.

ನಿನ್ನ ಅಮ್ಮ,
ಕುಶಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಕೊಡುವವಳು ನಾನೇ. ಮೊದಲ ಸ್ಕ್ಯಾನಿನಲ್ಲಿ ನನ್ನ ಲಿವರಿನಲ್ಲಿ ಕೊಬ್ಬು ಕಂಡಿತ್ತು. ಅನ್ನ ಕಡಿಮೆ ಮಾಡಿ, ಕಡಲ ಬದಿ ನಡೆದು ನಡೆದು ಇಳಿಸಿದೆ. ನಾನು ತೆಳ್ಳಗಾದದ್ದು ಚಿಂತೆಯಿಂದ ಎಂದು ನೀನು ಕಣ್ಣೀರು ಹಾಕಿದೆಯಲ್ಲ, ಅದರ ಕಾರಣ ಇದು. ಯಾರಾದರೂ ಒತ್ತಾಯ ಮಾಡಿದರಾ ಎಂದು ಆಸ್ಪತ್ರೆಯವರು ನನ್ನೊಬ್ಬಳನ್ನೇ ಕೂರಿಸಿ ಕೇಳಿದರು. "ಅವರು ಬೇಡ ಬೇಡ ಅಂತಾರೆ, ಒತ್ತಾಯ ಮಾಡುವವಳೇ ನಾನು" ಎಂದೆ. ಡಿಸೆಂಬರ್ ಒಂದು, ಸೋಮವಾರ ಬೆಳಿಗ್ಗೆ, ಬೆಂಗಳೂರಿನಲ್ಲಿ ನಮ್ಮಿಬ್ಬರಿಗೂ ಅಡ್ಮಿಷನ್.