ಒಬ್ಬರಿದ್ದಾರಲ್ಲ, ಸಾಕು

ಮಾರ್ಚ್ ೧೨, ಗುರುವಾರ

ಇವತ್ತು ನಾನೂ ಆಯ್ಕೆ ಸಮಿತಿಯಲ್ಲಿ ಕೂತಿದ್ದ ಪಿಎಚ್.ಡಿ. ಸಂದರ್ಶನದಲ್ಲಿ ಎಲ್ಲರಿಗಿಂತ ಚೆನ್ನಾಗಿ ಉತ್ತರಿಸಿದವಳು ನನ್ನಂತೆಯೇ ಕಪ್ಪು ಜನಾಂಗದ ಹುಡುಗಿ. ಅವಳು ಹೊರಗೆ ಹೋದದ್ದೇ ತಡ, ವಿಭಾಗದ ಮುಖ್ಯಸ್ಥರು, ನನಗೆ ಸಂಶೋಧನೆ ಕಲಿಸಿದ ಮೇಷ್ಟ್ರು, ಅವಳ ಫೈಲನ್ನು ಪಕ್ಕಕ್ಕೆ ತಳ್ಳಿದರು.

"ಆ ಪೈಕಿಯವ್ರು ಒಬ್ಬರಿದ್ದಾರಲ್ಲ, ಸಾಕು."

ಆ ಒಬ್ಬಳು ನಾನು. ಹನ್ನೊಂದು ವರ್ಷ ಅವರನ್ನು ತಂದೆಯ ಸಮಾನ ಎಂದುಕೊಂಡಿದ್ದೆ.

"ಏನಂದ್ರಿ ಸರ್?"

"ಅಯ್ಯೋ, ನಿನ್ನನ್ನ ಅಂದಿದ್ದಲ್ಲಮ್ಮ. ನೀನು ನಮ್ಮವಳೇ ಆಗ್ಬಿಟ್ಟಿದೀಯಲ್ಲ!" ಎಂದು ನಕ್ಕರು.

ನಾನು ಆಯ್ಕೆ ಪಟ್ಟಿಗೆ ಸಹಿ ಹಾಕಲಿಲ್ಲ. ಅವರ ಮಾತನ್ನು ಇದ್ದದ್ದು ಇದ್ದಂತೆ ಬರೆದು ಕುಲಸಚಿವರಿಗೆ ಕೊಟ್ಟೆ. ಸಂದರ್ಶನ ಬೇರೆಯವರ ಮುಂದೆ ಮತ್ತೆ ನಡೆಯುತ್ತದೆಂದು ಸಂಜೆ ಪತ್ರ ಬಂತು. ಖುಷಿಯಾಗಬೇಕಿತ್ತು. ಆದರೆ ನನ್ನನ್ನು ಆರಿಸಿದ ದಿನ ಅವರು ನನ್ನ ಉತ್ತರಗಳನ್ನು ಕೇಳಿಸಿಕೊಂಡಿದ್ದರೋ, ಇಲ್ಲ ಬರೀ ನನ್ನ ಬಣ್ಣ ನೋಡಿ ಲೆಕ್ಕಕ್ಕೊಬ್ಬಳು ಇರಲಿ ಎಂದು ಸೇರಿಸಿಕೊಂಡಿದ್ದರೋ?