ಹೋಂಡಾವನ್ನು ಹೊಗಳಬಾರದು

ಏಪ್ರಿಲ್ 16, ಶನಿವಾರ
ಅಣ್ಣನ ಮನೆಯ ಶೆಡ್ಡಿನಿಂದ ಎರಡೂ ಬೈಕ್ ಹೊರಗೆಳೆದೆ. ನನ್ನ ಕವಾಸಾಕಿ, ಅಣ್ಣ ಡೆಲ್ಬರ್ಟನ ಹೋಂಡಾ. ಎರಡೂ ಎಪ್ಪತ್ತಮೂರನೇ ಇಸವಿಯವು. ಯಾವುದು ಮೇಲು ಅನ್ನುವ ನಮ್ಮ ಜಗಳಕ್ಕೂ ಅಷ್ಟೇ ವಯಸ್ಸು. ಈ ವರ್ಷ ಅವನು ಓಡಿಸುವಂತಿಲ್ಲ. ಶ್ವಾಸಕೋಶ ಕೈಕೊಟ್ಟಿದೆ, ಮೂಗಿಗೆ ಆಕ್ಸಿಜನ್ ನಳಿಕೆ. ಕಿಟಕಿಯ ಪಕ್ಕ ಮಂಚ. ಅಲ್ಲಿಂದಲೇ ಕೂಗಿದ.

“ಆರಿನ್, ಎರಡೂ ಓಡಿಸಿ ಬಂದು ಹೇಳೋ. ನಿಜ ಹೇಳು.”

“ಅವತ್ತಿಂದ ಹೇಳ್ತಾನೇ ಇದೀನಲ್ಲ. ನಿಂದು ಹೊಲಿಗೆ ಮಿಷಿನ್ನು.”

“ಹಂಗೇ ಬೈತಾ ಇರು. ನೀನು ನನ್ನ ಹೋಂಡಾನ ಹೊಗಳಿದ ದಿನ, ನನ್ನ ಕಥೆ ಮುಗೀತು ಅಂತ್ಲೇ ತಿಳ್ಕೋತೀನಿ.”

ತಮಾಷೆಗೇ ಅಂದಿರಬೇಕು. ಅತ್ತಿಗೆ ಡೋರೀನ್ ಮಾತ್ರ ಎದ್ದು ಅಡುಗೆಮನೆಗೆ ಹೋದರು.

ಏಪ್ರಿಲ್ 17
ಪೆದ್ದುತನ ಮಾಡಿದೆ. ಕವಾಸಾಕಿಯ ಎಂಜಿನ್ನಿಗೆ ಪಕ್ಕದಲ್ಲೇ ಗಾಜಿನ ಕಿಂಡಿ. ಆಯಿಲ್ ಎಷ್ಟಿದೆ ಅಂತ ಬಗ್ಗಿ ನೋಡಿದರೆ ಸಾಕು. ಹೋಂಡಾದ ಆಯಿಲ್‌ಗೆ ಬೇರೆ ಟ್ಯಾಂಕು. ತಿಂಗಳುಗಟ್ಟಲೆ ನಿಂತರೆ ಎಂಜಿನ್ನಿನೊಳಗೆ ಇಳಿದಿರುತ್ತದೆ — ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಅಳೆಯಬೇಕು. ತಣ್ಣಗಿರುವಾಗಲೇ ಕಡ್ಡಿ ಅದ್ದಿದೆ. ಖಾಲಿ ಅಂದುಕೊಂಡು ಸುರಿದೆ. ಸ್ಟಾರ್ಟ್ ಮಾಡಿದ್ದೇ ತಡ, ಉಕ್ಕಿ ನೆಲವೆಲ್ಲ ಆಯಿಲ್. ನನ್ನ ಪ್ಯಾಂಟೂ.

“ಕವಾಸಾಕಿ ಬುದ್ಧಿ!” ಅಂತ ಕಿಟಕಿಯಿಂದ. “ಕಣ್ಣಿಗೆ ಕಂಡಷ್ಟೇ ನಿಂಗೆ ಸತ್ಯ!”

ಕೆಮ್ಮು ಬರುವ ತನಕ ನಕ್ಕ. ಚಳಿಗಾಲವಿಡೀ ಅವನ ನಗು ಕೇಳಿರಲಿಲ್ಲ. ನೆಲ ಒರೆಸುತ್ತಾ ಖುಷಿಯಾಯಿತು.

ಏಪ್ರಿಲ್ 30
ಎರಡೂ ಓಡಿಸಿದೆ. ಸರೋವರದ ರಸ್ತೆ, ಶೆಬಾಯ್ಗನ್ ಊರು ದಾಟಿ. ಮೊದಲು ನನ್ನದು. ಎಳೆತಕ್ಕೆ ಎರಡು ಮಾತಿಲ್ಲ. ಆದರೆ ಅಂಗೈ ಜೋಮು ಹಿಡಿಯುತ್ತೆ, ತಿರುವು ಬಂದರೆ ನನ್ನ ಜೊತೆ ವಾದಕ್ಕಿಳಿಯುತ್ತೆ. ಆಮೇಲೆ ಹೋಂಡಾ... ಅಯ್ಯೋ, ಎಷ್ಟು ಚೆಂದ ಹೋಗುತ್ತೆ! ಹೇಳಿದ ಕಡೆ ತಿರುಗುತ್ತೆ. ದಣಿವೇ ಇಲ್ಲ. ಹಟಕ್ಕೆ ಬಿದ್ದು ಇಷ್ಟು ವರ್ಷ ಅದನ್ನು ಹತ್ತಿರಲೇ ಇಲ್ಲ.

ಓಡಿಬಂದೆ, ಹೇಳಿಬಿಡೋಣ ಅಂತ. ಡೋರೀನ್ ಮೆಟ್ಟಿಲಲ್ಲೇ ತಡೆದರು.

“ಡಾಕ್ಟ್ರು ಫೋನ್ ಮಾಡಿದ್ರು. ಇನ್ನು ಮಾಡೋಕೆ ಏನೂ ಉಳಿದಿಲ್ವಂತೆ. ಕೆಟ್ಟ ಸುದ್ದಿ ಇದ್ರೆ ನಂಗೆ ಹೇಳ್ಬೇಡಿ ಅಂತ ಅವ್ನೇ ಅಂದಿದ್ದ. ನೀನೂ ಹೇಳ್ಬೇಡ.”

ಒಳಗೆ ಹೋದೆ.

“ಹೆಂಗಿತ್ತೋ?”

“ಹೊಲಿಗೆ ಮಿಷಿನ್ನೇ. ದಾರಿಯುದ್ದಕ್ಕೂ ಕರ್ಟನ್ ಹೊಲ್ಕೊಂಡು ಬಂದೆ.”

ನೆಮ್ಮದಿಯಿಂದ ದಿಂಬಿಗೆ ಒರಗಿದ. ಜೀವಮಾನದಲ್ಲಿ ಇಷ್ಟು ಕಷ್ಟಪಟ್ಟು ಸುಳ್ಳು ಹೇಳಿಲ್ಲ.

ಮೇ 13, ಶುಕ್ರವಾರ
ಕರಿದ ಮೀನು ತಂದಿದ್ದೆ. ಮುಟ್ಟಲಿಲ್ಲ. ಹೋಂಡಾ ಸ್ಟಾರ್ಟ್ ಮಾಡು ಅಂದ. ಕಿಟಕಿಯ ಕೆಳಗೆ ನಿಲ್ಲಿಸಿ ಮಾಡಿದೆ. ಸಾಕು, ಈಗ ನಿಂದು ಅಂದ. ಅದನ್ನು ಬಹಳ ಹೊತ್ತು ಕೇಳಿಸಿಕೊಂಡ. ಒಳಗೆ ಹೋದರೆ ತೋಳು ಹಿಡಿದುಕೊಂಡ.

“ಆರಿನ್... ನಿಂದೇ ಚೆನ್ನಾಗಿದೆ ಕಣೋ.”

“ಸುಮ್ನಿರೋ. ತಲೆ ಕೆಟ್ಟಿದ್ಯಾ? ಬೈಯೋ ಅದನ್ನ. ಒಂದ್ಸಲ ಬೈಯೋ.”

“ಇಲ್ಲ. ಒಳ್ಳೆ ಗಾಡಿ.”

ಡೋರೀನ್ ಕಡೆ ನೋಡಿದೆ. ನಾನು ಹೇಳಿಲ್ಲ ಅನ್ನುವಂತೆ ತಲೆಯಾಡಿಸಿದರು. ಯಾರೂ ಹೇಳಿಲ್ಲ. ಅವನೇ ತಿಳಿದುಕೊಂಡಿದ್ದಾನೆ. ಹೊರಗೆ ಬಂದು, ಶೆಡ್ಡಿನಲ್ಲಿ ಕೂತು ಅತ್ತೆ.

ಮೇ 14
ನಿದ್ದೆ ಇಲ್ಲ. ಕಾಫಿ ಕುಡಿದು ಅಣ್ಣನ ಮನೆಗೆ ಹೊರಡುತ್ತೇನೆ. ಇನ್ನು ಯಾವ ಸುಳ್ಳೂ ಬೇಡ. ಮಂಚದ ಪಕ್ಕ ಕೂತು ಹೇಳಿಬಿಡುತ್ತೇನೆ — ಡೆಲ್, ನಿನ್ನ ಹೋಂಡಾದಂಥ ಬೈಕನ್ನು ನಾನು ಈ ಜನ್ಮದಲ್ಲಿ

ಫೋನು. ಡೋರೀನ್ —