ಅಕ್ಕ ಬರೆದ ಹನ್ನೆರಡು ರಾಕ್ಷಸರು

ಸಾಸ್ಕಟೂನ್, ಮಾರ್ಚ್ ೩

ಪ್ರೀತಿಯ ಐಲೀನಕ್ಕಾ,

ಭಾವ ಇದನ್ನು ಗಟ್ಟಿಯಾಗಿ ಓದಿ ಹೇಳಲಿ, ಗೋಡೆ ಅದುರುವ ಹಾಗೆ!

ನನ್ನ ಕಂಪ್ಯೂಟರ್ ಆಟಕ್ಕೆಂದು ಹದಿನಾಲ್ಕನೇ ವಯಸ್ಸಿನಲ್ಲಿ ನೀನು ಹನ್ನೆರಡು ರಾಕ್ಷಸರ ಚಿತ್ರ ಬರೆದುಕೊಟ್ಟೆ. ನಾನೋ, ಅವರನ್ನು ಪರದೆಗೆ ಏರಿಸಲು ಮೊದಲು ಚಿತ್ರ ಬರೆಯುವ ತಂತ್ರಾಂಶವೊಂದು ಬೇಕೆಂದು ಕುಳಿತೆ. ಅದನ್ನೇ ತಿದ್ದುತ್ತ ನಲವತ್ತು ವರ್ಷ ಕಳೆದೆ, ಅಕ್ಕಾ, ನಲವತ್ತು! ಅದನ್ನಿಟ್ಟುಕೊಂಡು ಯಾರ್ಯಾರೋ ಆಟ ಮಾಡಿ ಮುಗಿಸಿದರು, ನಾನು ಮಾಡಲಿಲ್ಲ. “ಲೋ ಗಾರ್ತ್, ಬರೀ ಕುಂಚ ಕಟ್ತಾನೇ ಇರ್ತೀಯೇನೋ? ಚಿತ್ರ ನನ್ನ ಗೋರಿ ಮೇಲೆ ಬರೀತೀಯಾ?” ಎಂದು ನೀನು ಪ್ರತಿ ಕ್ರಿಸ್‌ಮಸ್‌ಗೂ ಹಂಗಿಸುತ್ತಿದ್ದೆ.

ಈಗ, ನಿನ್ನ ಕಣ್ಣು ಪೂರ್ತಿ ಹೋದ ಮೇಲೆ, ಆಟ ಶುರುಮಾಡಿದ್ದೇನೆ. ತಪ್ಪಾಯಿತು.

ಭಾನುವಾರ ಫೋನ್ ಮಾಡುತ್ತೇನೆ. ಮೂರು ಬಾಲದವನಿಗೆ ಯಾವ ಬಣ್ಣ, ನೆನಪಿದ್ದರೆ ಹೇಳು. ನೀನು ಬರೀ ಗೆರೆ ಹಾಕಿ ಕೊಟ್ಟಿದ್ದೆ. ಬಣ್ಣ ನಾನು ಕೇಳಲೇ ಇಲ್ಲ.

ನಿನ್ನ ತಮ್ಮ,
ಗಾರ್ತ್